ಮನಸ್ಸಿನ ಚಿಕಿತ್ಸೆಗೆ ಗಡಿ ಉಂಟೇ?

ಮೈಗೆ ಜ್ವರ ಬರುತ್ತದೆ. ಹಾಗೇ ಮನಸ್ಸಿಗೂ ಕಾಯಿಲೆ ಬರುತ್ತದೆ. ನಿದ್ದೆ ಬರೋದಿಲ್ಲ. ಊಟ ಸೇರೋದಿಲ್ಲ. ಸಾಯಬೇಕು ಅನಿಸುತ್ತದೆ. ಇದು ಗಾಳಿ ಸೋಕಿದ್ದಲ್ಲ. ಮಾಟವೂ ಅಲ್ಲ. ಇದಕ್ಕೆ ಔಷಧಿ ಇದೆ. ಮಾತಿನ ಚಿಕಿತ್ಸೆಯೂ ಇದೆ.

ನಮ್ಮದು ಗಡಿ ಜಿಲ್ಲೆ. 1956ಕ್ಕೆ ಮೊದಲು ಉದಗೀರ, ನಿಲಂಗಾ, ಜಹೀರಾಬಾದ ಎಲ್ಲ ಬೀದರ ಜಿಲ್ಲೆಯಲ್ಲೇ ಇದ್ದವು. ಈಗ ಅವು ಮಹಾರಾಷ್ಟ್ರ, ತೆಲಂಗಾಣದಲ್ಲಿವೆ. ಆದರೂ ನಮ್ಮ ಸಂತೆ, ಬೀಗತನ ಬಿಟ್ಟಿಲ್ಲ. ಔರಾದ, ಭಾಲ್ಕಿ ಕಡೆಯವರು ದವಾಖಾನೆಗೆ ಉದಗೀರಕ್ಕೂ ಹೋಗ್ತಾರೆ. ಬೀದರ ನಗರದವರು ಹೈದರಾಬಾದಿಗೂ ಹೋಗ್ತಾರೆ.

ಬೇರೆ ರಾಜ್ಯದಲ್ಲಿ ತೋರಿಸಬಹುದೇ? ತೋರಿಸಬಹುದು. ರೋಗಿಗೆ ಗಡಿ ಇಲ್ಲ. ಆದರೆ ಚಿಕಿತ್ಸೆ ಕೊಡುವವರಿಗೆ ನೋಂದಣಿ ಬೇಕು.

ಅಮೆರಿಕದಲ್ಲಿ ಸಲಹೆಗಾರರಿಗೆ ರಾಜ್ಯಕ್ಕೊಂದು ಲೈಸೆನ್ಸ್. ಪಕ್ಕದ ರಾಜ್ಯದವರಿಗೆ ಚಿಕಿತ್ಸೆ ಕೊಡಬೇಕಾದರೆ ತೊಡಕು. ಅದಕ್ಕೇ ಅಲ್ಲಿ ಹಲವು ರಾಜ್ಯಗಳು ಕೂಡಿ ಒಪ್ಪಂದ ಮಾಡಿಕೊಂಡಿವೆ.

ನಮ್ಮಲ್ಲಿ ಹೇಗೆ? ಮಾತಿನಿಂದ ಚಿಕಿತ್ಸೆ ಮಾಡುವ ತಜ್ಞರಿದ್ದಾರೆ. ಅವರಿಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತಾರೆ. ಅವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ ಪಟ್ಟಿಯಲ್ಲಿ ಇರಬೇಕು. 1992ರ ಕಾಯಿದೆ ಪ್ರಕಾರ ಈ ಪಟ್ಟಿ ಇಡೀ ದೇಶಕ್ಕೆ ಒಂದೇ. ಇದರಲ್ಲಿ ಹೆಸರಿದ್ದವರು ಯಾವ ರಾಜ್ಯದಲ್ಲೂ ಕೆಲಸ ಮಾಡಬಹುದು. ಆಪ್ತ ಸಮಾಲೋಚಕರನ್ನೂ ನೋಂದಣಿಗೆ ತರಲು 2021ರಲ್ಲಿ ಬೇರೆ ಕಾಯಿದೆ ಬಂದಿದೆ.

ಬೋರ್ಡು ಹಾಕಿದವರೆಲ್ಲ ಕಲಿತವರಲ್ಲ. ಕೆಲವರು ಹಣ ಕೀಳ್ತಾರೆ. ಕೆಲವರು ರೋಗಿಗೆ ಸರಪಳಿ ಹಾಕ್ತಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಪ್ರಕಾರ ಸರಪಳಿ ಹಾಕಲೇಬಾರದು. ಚಿಕಿತ್ಸೆ ಪಡೆಯೋದು ನಮ್ಮ ಹಕ್ಕು ಅಂತಲೂ ಆ ಕಾಯಿದೆ ಹೇಳುತ್ತದೆ.

ನಾವೀಗ ಓದಲು ಕಲಿತಿದ್ದೇವೆ. ಬೋರ್ಡು ಓದೋಣ. ಡಾಕ್ಟರ ಚೀಟಿ ಓದೋಣ. ಅದರಲ್ಲಿ ನೋಂದಣಿ ನಂಬರು ಇದೆಯೇ ನೋಡೋಣ. ಇಲ್ಲದಿದ್ದರೆ ಕೇಳೋಣ. ಕೇಳೋದಕ್ಕೆ ನಾಚಿಕೆ ಯಾಕೆ?

ದೂರ ಹೋಗೋ ಮೊದಲು ಹತ್ತಿರ ನೋಡೋಣ. ಬೀದರ ನಗರದ ಸರ್ಕಾರಿ ಬ್ರಿಮ್ಸ್ ದವಾಖಾನೆಯಲ್ಲಿ ಮನೋರೋಗ ವಿಭಾಗ ಇದೆ. ಮನೆಯಿಂದಲೇ ಮಾತಾಡಬೇಕೇ? 14416ಕ್ಕೆ ಫೋನು ಮಾಡಿರಿ. ಇದು ಟೆಲಿ ಮಾನಸ್. ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿತು. ದುಡ್ಡು ಕೊಡಬೇಕಿಲ್ಲ. ಹಗಲು ರಾತ್ರಿ ನಡೆಯುತ್ತದೆ. ಕನ್ನಡ, ಮರಾಠಿ, ತೆಲುಗು, ಉರ್ದು ಎಲ್ಲದರಲ್ಲೂ ಮಾತಾಡಬಹುದು. ಉದಗೀರದ ಬೀಗರಿಗೂ ಇದೇ ನಂಬರು.

ಈ ನಂಬರನ್ನು ಮನೆ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿರಿ: 14416.