ಸಿಡ್‌ನ ಉಗ್ರಾಣದಿಂದ ಒಂದೇ ಒಂದು ಪ್ಯಾಕೇಜು

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಲ್ಲಿ ಒಂದು ಪ್ರೌಢಶಾಲೆಯೋ ಹಾಲು ಉತ್ಪಾದಕರ ಸಂಘವೋ ತನ್ನದೇ ಕನ್ನಡ ಬ್ಲಾಗು ನಡೆಸುತ್ತೇನೆಂದರೆ ಇವತ್ತು ದೊಡ್ಡ ಖರ್ಚೇನೂ ಇಲ್ಲ. ಹಳೆಯ ಕಂಪ್ಯೂಟರಿಗೋ ಬಾಡಿಗೆ ಸರ್ವರಿಗೋ ಡೆಬಿಯನ್ ಲಿನಕ್ಸ್ ಹಾಕಿಕೊಂಡರೆ ವರ್ಡ್‌ಪ್ರೆಸ್, ಅದಕ್ಕೆ ಬೇಕಾದ ಪಿಎಚ್‌ಪಿ, ಮರಿಯಾಡಿಬಿ, ಅಷ್ಟೇಕೆ, ಗುಬ್ಬಿ ಮತ್ತು ನವಿಲು ಎಂಬ ಕನ್ನಡ ಫಾಂಟುಗಳೂ ಅದರ ಉಗ್ರಾಣದಲ್ಲೇ ಪುಕ್ಕಟೆ ಸಿಗುತ್ತವೆ. ತಕರಾರು ಶುರುವಾಗುವುದು ಆವೃತ್ತಿಯ ಸಂಖ್ಯೆ ನೋಡಿದಾಗ. 2023ರ ಜೂನ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 12ರಲ್ಲಿ ಇದ್ದದ್ದು ವರ್ಡ್‌ಪ್ರೆಸ್ 6.1. ಎರಡು ವರ್ಷ ಕಳೆದು, 2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಬರುವ ಹೊತ್ತಿಗೆ ಹೊರಗೆ 6.8 ನಡೆಯುತ್ತಿತ್ತು, 12ರಲ್ಲಿ ಮಾತ್ರ 6.1 ಸರಣಿಯೇ ಕೂತಿತ್ತು. ಇದನ್ನು ಕಂಡು ತಾಳ್ಮೆಗೆಟ್ಟವರು ಅನ್‌ಸ್ಟೇಬಲ್ ಶಾಖೆಯ ವಿಳಾಸವನ್ನು ಪ್ಯಾಕೇಜು ತಂದುಕೊಡುವ ಆಪ್ಟ್ ಎಂಬ ಸಾಧನದ ಪಟ್ಟಿಗೆ ಸೇರಿಸಿ ಹೊಸದನ್ನು ಎಳೆದುಕೊಳ್ಳುತ್ತಾರೆ. ಹತ್ತು ಜನ ನೆಚ್ಚಿಕೊಂಡ ಸರ್ವರಿನಲ್ಲಿ ಈ ಕೆಲಸ ಕೂಡದು ಎಂಬುದು ನನ್ನ ವಾದ.

ಡೆಬಿಯನ್ನಿನ ಏರ್ಪಾಡು ನೋಡಿದರೆ ಕಾರಣ ತಿಳಿಯುತ್ತದೆ. ಪ್ಯಾಕೇಜು ಸಿದ್ಧಪಡಿಸುವ ಸ್ವಯಂಸೇವಕರು ಅದನ್ನು ಮೊದಲು ಹಾಕುವುದು ಅನ್‌ಸ್ಟೇಬಲ್‌ಗೆ. ಇದಕ್ಕೆ ಸಿಡ್ ಎಂದು ಹೆಸರು. ‘ಟಾಯ್ ಸ್ಟೋರಿ’ ಸಿನಿಮಾದಲ್ಲಿ ಆಟಿಕೆಗಳನ್ನು ಮುರಿದು ಹಾಕುವ ಹುಡುಗನ ಹೆಸರದು, ಇಟ್ಟವರಿಗೆ ಭ್ರಮೆಯೇನೂ ಇರಲಿಲ್ಲ. ಅಲ್ಲಿ ತುರ್ತನ್ನು ನೋಡಿಕೊಂಡು ಎರಡರಿಂದ ಹತ್ತು ದಿನ, ಗಂಭೀರ ದೋಷ ಯಾರ ಕಣ್ಣಿಗೂ ಬೀಳದಿದ್ದರೆ ಟೆಸ್ಟಿಂಗ್‌ಗೆ ಬಡ್ತಿ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗನ್ನು ತಡೆಹಿಡಿದು, ಉಳಿದ ದೋಷಗಳನ್ನು ತಿದ್ದಿ, ಸ್ಟೇಬಲ್ ಎಂದು ಬಿಡುಗಡೆ ಮಾಡುತ್ತಾರೆ. ಹಾಸನದ ಆಲೂಗೆಡ್ಡೆ ಬೆಳೆಗಾರರಿಗೆ ಇದು ಹೊಸ ಮಾತಲ್ಲ: ಹೊಸ ತಳಿ ಮೊದಲು ಸಂಶೋಧನಾ ಕೇಂದ್ರದ ತಾಕಿನಲ್ಲಿ ಅಂಗಮಾರಿಗೆ ಎದುರು ನಿಂತು ತೋರಿಸಬೇಕು, ರೈತರ ಹೊಲ ಆಮೇಲಿನ ಮಾತು.

ಬೇಕಾಗಿರುವುದು ಒಂದೇ ಪ್ಯಾಕೇಜು, ಅದರಿಂದೇನು ಎನ್ನಬಹುದು. ಸಿ ಭಾಷೆಯಲ್ಲಿ ಬರೆದ ತಂತ್ರಾಂಶವಾದರೆ ಅದು ಹೊಸ ಲೈಬ್ರರಿಗಳನ್ನು, ಕೆಲವೊಮ್ಮೆ ಇಡೀ ವ್ಯವಸ್ಥೆಗೆ ಬುಡವಾದ ಲಿಬ್‌ಸಿಯನ್ನೇ ಎಳೆದು ತರುತ್ತದೆ. ವರ್ಡ್‌ಪ್ರೆಸ್ ಹಾಗಲ್ಲ, ಬರೀ ಪಿಎಚ್‌ಪಿ ಕಡತಗಳ ಕಟ್ಟು ಎನ್ನುವುದು ನಿಜ, ಆಕ್ಷೇಪದಲ್ಲಿ ತೂಕವೂ ಇದೆ. ಆದರೆ ಡೆಬಿಯನ್ ಆ ಕಟ್ಟನ್ನು ಇದ್ದ ಹಾಗೇ ಇಡುವುದಿಲ್ಲ. ಒಳಗೆ ತುರುಕಿರುವ ಜಾವಾಸ್ಕ್ರಿಪ್ಟ್ ಲೈಬ್ರರಿಗಳಲ್ಲಿ ಕೆಲವನ್ನು ಬಿಡಿಸಿ ಬೇರೆ ಬೇರೆ ಪ್ಯಾಕೇಜು ಮಾಡಿ, ಎಲ್ಲ ತಂತ್ರಾಂಶಗಳೂ ಅದೊಂದನ್ನೇ ಹಂಚಿಕೊಳ್ಳುವಂತೆ ಜೋಡಿಸುತ್ತದೆ. ಹೊಸ ವರ್ಡ್‌ಪ್ರೆಸ್ಸಿಗೆ ಹೊಸ ಲೈಬ್ರರಿ ಬೇಕಾದರೆ, ಅದೇ ಲೈಬ್ರರಿಯನ್ನು ನೆಚ್ಚಿಕೊಂಡ ಬೇರೆ ತಂತ್ರಾಂಶಕ್ಕೂ ಅದೇ ಗತಿ. ಇದಕ್ಕಿಂತ ಗಟ್ಟಿ ಕಾರಣ ಡೇಟಾಬೇಸಿನಲ್ಲಿದೆ. ವರ್ಡ್‌ಪ್ರೆಸ್ ದೊಡ್ಡ ಆವೃತ್ತಿಗೆ ಏರಿದಾಗ, ಬೇಕೆನಿಸಿದರೆ ಡೇಟಾಬೇಸಿನ ಕೋಷ್ಟಕಗಳ ರಚನೆಯನ್ನೂ ಬದಲಿಸುತ್ತದೆ. ಹಿಂದಕ್ಕೆ ಇಳಿಸುವ ವ್ಯವಸ್ಥೆ ಅದರಲ್ಲಿಲ್ಲ. ಡೆಬಿಯನ್ನೂ ಪ್ಯಾಕೇಜನ್ನು ಹಳೆಯ ಆವೃತ್ತಿಗೆ ಇಳಿಸುವುದಕ್ಕೆ ಖಾತರಿ ಕೊಡುವುದಿಲ್ಲ. ಬ್ಯಾಕಪ್ ಇಲ್ಲದವರಿಗೆ ವಾಪಸು ಬರುವ ದಾರಿಯೇ ಇಲ್ಲ.

ಹಳೆಯದೆಂದರೆ ತೂತು ಬಿದ್ದದ್ದು ತಾನೆ ಎಂಬುದು ಎರಡನೆಯ ಆಕ್ಷೇಪ. ಇಲ್ಲಿ ಸಂಖ್ಯೆ ಕಣ್ಣುಕಟ್ಟು ಮಾಡುತ್ತದೆ. ಸ್ಟೇಬಲ್‌ನಲ್ಲಿ ಹೊಸ ಸೌಲಭ್ಯಗಳು ಬರುವುದಿಲ್ಲ, ಭದ್ರತೆಯ ತಿದ್ದುಪಡಿಗಳು ಹಳೆಯ ಸರಣಿಗೇ ಬಂದು ಸೇರುತ್ತವೆ. 2017ರ ಪ್ರಸಂಗ ನೋಡಿ. ವರ್ಡ್‌ಪ್ರೆಸ್ 4.7ರಲ್ಲಿ ಹೊಸದಾಗಿ ಬಂದ ಒಂದು ಸೌಲಭ್ಯದಲ್ಲಿದ್ದ ದೋಷದಿಂದ, ಲಾಗಿನ್ ಆಗದವರೂ ಯಾರದೋ ಬರಹವನ್ನು ತಿದ್ದಬಹುದಿತ್ತು. ಜನವರಿ 26ರಂದು 4.7.2 ಬಂದು ಅದನ್ನು ಮುಚ್ಚಿತು. ಫೆಬ್ರವರಿ 1ರಂದು ವಿವರ ಬಯಲಾಗುತ್ತಲೇ, ಅಪ್‌ಡೇಟ್ ಆಗದೆ ಉಳಿದಿದ್ದ ಲಕ್ಷಾಂತರ ಪುಟಗಳನ್ನು ಕಿಡಿಗೇಡಿಗಳು ಕೆಡಿಸಿದರು. ಆಗಿನ ಸ್ಟೇಬಲ್ ಡೆಬಿಯನ್ 8ರಲ್ಲಿ ಇದ್ದದ್ದು 4.1. ಆ ಸೌಲಭ್ಯವೇ ಇಲ್ಲದ ಮೇಲೆ ದೋಷ ಎಲ್ಲಿಂದ ಬರಬೇಕು? 4.1ಕ್ಕೆ ಅದರದೇ ರಂಧ್ರಗಳಿದ್ದವು, ತೇಪೆಗಳೂ ಬಂದವು. ಹೊಸತು ಹಳೆಯ ರಂಧ್ರಗಳನ್ನು ಮುಚ್ಚುತ್ತಲೇ ಹೊಸವನ್ನು ತರುತ್ತದೆ ಎಂಬುದಷ್ಟೇ ಇಲ್ಲಿಯ ವಿಷಯ.

ಎಲ್ಲರೂ ಹೀಗೆ ಸ್ಟೇಬಲ್‌ಗೇ ಅಂಟಿಕೊಂಡರೆ ಸಿಡ್‌ನಲ್ಲಿ ದೋಷ ಹುಡುಕುವವರು ಯಾರು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹೊಂಚು ಹಾಕಿ ಕಳ್ಳಬಾಗಿಲು ಇಟ್ಟಿದ್ದರು. ಅದು ಸಿಡ್‌ಗೂ ಟೆಸ್ಟಿಂಗ್‌ಗೂ ನುಗ್ಗಿತ್ತು. ಸಿಡ್ ಬಳಸುತ್ತಿದ್ದ ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್, ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಹೋಗಿ, 2024ರ ಮಾರ್ಚ್ 29ರಂದು ಗುಟ್ಟು ಬಯಲು ಮಾಡಿದರು. ಸ್ಟೇಬಲ್‌ಗೆ ಅದು ತಲುಪಿರಲೇ ಇಲ್ಲ. ಸಿಡ್‌ಗೆ ಬಳಕೆದಾರರು ಬೇಕು, ಆದರೆ ಅರ್ಧ ಸೆಕೆಂಡಿನ ಲೆಕ್ಕ ಕೇಳುವಂಥವರು ಬೇಕು. ಹಾಲಿನ ದರ ನೋಡಲು ಬಂದವರನ್ನು ಆ ಪರೀಕ್ಷೆಗೆ ಒಡ್ಡುವುದು ನ್ಯಾಯವಲ್ಲ.

ಹೊಸ ಆವೃತ್ತಿ ಬೇಕೇ ಬೇಕೆಂದಾದರೆ ಮೊದಲು ಬ್ಯಾಕ್‌ಪೋರ್ಟ್ಸ್ ನೋಡಿ. ಟೆಸ್ಟಿಂಗ್‌ನ ಕೆಲವು ತಂತ್ರಾಂಶಗಳನ್ನು ಸ್ಟೇಬಲ್‌ಗೆ ಹೊಂದುವಂತೆ ಮರುಕಟ್ಟಿ ಅಲ್ಲಿ ಇಟ್ಟಿರುತ್ತಾರೆ. ಅಲ್ಲೂ ಇಲ್ಲವಾದರೆ ವರ್ಡ್‌ಪ್ರೆಸ್ಸಿನವರೇ ಕೊಡುವ ಕಟ್ಟನ್ನು ಬೇರೆ ಫೋಲ್ಡರಿನಲ್ಲಿ ಬಿಚ್ಚಿಕೊಂಡು, ಅದರ ಅಪ್‌ಡೇಟಿನ ಹೊಣೆಯನ್ನು ನೀವೇ ಹೊತ್ತುಕೊಳ್ಳಿ. ಸಿಡ್ ಮೇಲೆ ಮೋಹವಿದ್ದವರು ಅದನ್ನು ಸ್ವಂತ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಲಿ, ಕಂಡ ದೋಷವನ್ನು ಡೆಬಿಯನ್ನಿಗೆ ವರದಿ ಮಾಡಲಿ. ಸಂಘದ ಸರ್ವರಿಗೆ ಸ್ಟೇಬಲ್ ಸಾಕು.