ದುಡಿಮೆ ಪರರ ಸಿನಿಮಾದಲ್ಲಿ, ಖರ್ಚು ಸ್ವಂತದ್ದಕ್ಕೆ

1957ರ ಫೆಬ್ರುವರಿ. ನ್ಯೂಯಾರ್ಕಿನಲ್ಲಿ ಜೀನ್ ಶೆಫರ್ಡ್ ನಡೆಸುತ್ತಿದ್ದ ರೇಡಿಯೊ ಕಾರ್ಯಕ್ರಮಕ್ಕೆ ಯುವನಟ ಜಾನ್ ಕ್ಯಾಸವೆಟೀಸ್ ಬಂದಿದ್ದ. ತಾನು ನಟಿಸಿದ್ದ 'ಎಡ್ಜ್ ಆಫ್ ದಿ ಸಿಟಿ'ಯ ಪ್ರಚಾರಕ್ಕೆಂದು ಬಂದವನು, ಅದಕ್ಕಿಂತ ಒಳ್ಳೆಯ ಚಿತ್ರ ತಾನೇ ಮಾಡಬಲ್ಲೆ, ಕೇಳುಗರು ಒಂದೆರಡು ಡಾಲರ್ ಕಳಿಸಿದರೆ ಸಾಕು ಎಂದುಬಿಟ್ಟ. ಸುಮಾರು 2,000 ಡಾಲರ್ ಬಂದೇ ಬಂತು. ಇನ್ನು ಮಾತು ತಪ್ಪುವಂತಿರಲಿಲ್ಲ.

ಹೀಗೆ ಶುರುವಾದದ್ದು 'ಶ್ಯಾಡೋಸ್'. ಅವನ ನಟನಾ ಶಿಬಿರದ ಹುಡುಗ ಹುಡುಗಿಯರೇ ಕಲಾವಿದರು. ಕೈಯಲ್ಲೊಂದು 16 ಎಂಎಂ ಕ್ಯಾಮೆರಾ. ಮ್ಯಾನ್‌ಹಟನ್ ಬೀದಿಗಳಲ್ಲಿ ಯಾರ ಪರವಾನಗಿಯೂ ಇಲ್ಲದೆ ಚಿತ್ರೀಕರಣ. ಬಿಳಿಯಳಂತೆ ಕಾಣುವ ಹುಡುಗಿಯನ್ನು ಪ್ರೀತಿಸಿದ ಬಿಳಿಯ ಯುವಕ, ಅವಳ ಅಣ್ಣ ಕಪ್ಪು ಜನಾಂಗದವನೆಂದು ಕಂಡೊಡನೆ ತಡವರಿಸುವುದು ಕತೆಯ ತಿರುವು. ಸಂಭಾಷಣೆ ಬರೆದಿಟ್ಟಿರಲಿಲ್ಲ, ಧ್ವನಿಮುದ್ರಣವೂ ಕೆಟ್ಟಿತ್ತು. ಯಾರು ಏನು ಆಡಿದ್ದರೆಂದು ತಿಳಿಯಲು ತುಟಿಯ ಚಲನೆ ಓದಬಲ್ಲವರನ್ನು ಕರೆಸಬೇಕಾಯಿತೆಂದು ಕ್ಯಾಸವೆಟೀಸ್ ಮುಂದೆ ಹೇಳಿಕೊಳ್ಳುತ್ತಿದ್ದ.

1958ರಲ್ಲಿ ಮೊದಲ ಪ್ರದರ್ಶನ. ವಿಮರ್ಶಕ ಜೋನಾಸ್ ಮೇಕಸ್ ತಲೆದೂಗಿದ, ನಿರ್ದೇಶಕನಿಗೇ ಹಿಡಿಸಲಿಲ್ಲ. ಕ್ಯಾಮೆರಾದ ಕಸರತ್ತಿನ ಮುಂದೆ ಪಾತ್ರಗಳು ಮಂಕಾಗಿವೆ ಅನ್ನಿಸಿತು. ಇನ್ನಷ್ಟು ಹಣ ಹೊಂದಿಸಿ, ತಂಡವನ್ನು ಮತ್ತೆ ಕೂಡಿಸಿ, ಈ ಬಾರಿ ದೃಶ್ಯಗಳನ್ನು ಬರೆದುಕೊಂಡು ಚಿತ್ರದ ದೊಡ್ಡ ಭಾಗವನ್ನು ಹೊಸದಾಗಿ ತೆಗೆದ. ಆದರೂ ಕೊನೆಯಲ್ಲಿ, ಇದು ಸ್ಥಳದಲ್ಲೇ ಹುಟ್ಟಿದ ಅಭಿನಯವೆಂಬ ಬರಹ ಹಾಗೇ ಉಳಿಯಿತು! ಒಟ್ಟು ಖರ್ಚು ಸುಮಾರು 40,000 ಡಾಲರ್. ಸಾಲ ತೀರಿಸಲು ನೆರವಾದದ್ದು 'ಜಾನಿ ಸ್ಟಕಾಟೊ' ಎಂಬ ಟಿವಿ ಧಾರಾವಾಹಿಯ ಪತ್ತೇದಾರನ ಪಾತ್ರ.

ಅಲ್ಲಿಂದ ಇದೇ ಅವನ ಪದ್ಧತಿಯಾಯಿತು. 1965ರಲ್ಲಿ ಸ್ವಂತ ಮನೆಯನ್ನೇ ಸೆಟ್ ಮಾಡಿಕೊಂಡು 'ಫೇಸಸ್' ಚಿತ್ರೀಕರಿಸಿದ. ಸಂಕಲನ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ನಡೆಯಿತು. ಈ ನಡುವೆ 'ದಿ ಡರ್ಟಿ ಡಜನ್', 'ರೋಸ್‌ಮೆರೀಸ್ ಬೇಬಿ'ಗಳಲ್ಲಿ ನಟಿಸಿ ಬಂದ ಸಂಭಾವನೆ ಆ ಗ್ಯಾರೇಜಿಗೆ ಹರಿಯಿತು. 1968ರಲ್ಲಿ ತೆರೆಕಂಡ 'ಫೇಸಸ್' ಮೂರು ಆಸ್ಕರ್ ನಾಮನಿರ್ದೇಶನ ಪಡೆಯಿತು. 1974ರ 'ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್'ಗೆ ಮನೆಯನ್ನೇ ಅಡವಿಟ್ಟ. ಗೆಳೆಯ, ನಟ ಪೀಟರ್ ಫಾಕ್ ಕೂಡ ಹಣ ಹಾಕಿದ. ವಿತರಕರು ಸಿಗದಿದ್ದಾಗ ತಂಡದವರೇ ಚಿತ್ರಮಂದಿರಗಳ ಬೆನ್ನುಬಿದ್ದರು.

ಕಡಿಮೆ ಬಜೆಟ್ಟೆಂದರೆ ಬೇಗ ಮುಗಿಸುವ ಸಿನಿಮಾ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಕ್ಯಾಸವೆಟೀಸ್ ತನ್ನ ನಟನೆಯ ಸಂಪಾದನೆಯಿಂದ ಕೊಂಡದ್ದು ಹೆಚ್ಚಾಗಿ ಸಮಯವನ್ನೇ. ಬಡ್ಡಿ ಎಣಿಸುವ ನಿರ್ಮಾಪಕನೊಬ್ಬ ತಲೆಯ ಮೇಲೆ ಕೂತಿದ್ದರೆ 'ಶ್ಯಾಡೋಸ್' 1958ರ ರೂಪದಲ್ಲೇ ಡಬ್ಬ ಸೇರುತ್ತಿತ್ತು.