ತಣ್ಣೀರಿನಲ್ಲಿ ನಿಲ್ಲದ ಗಾಳಿ

ಮಕ್ಕಳೇ, ನೀರಿನಡಿ ಹೋದ ಸ್ಕೂಬಾ ಡೈವರ್‌ಗೆ ಗಾಳಿ ಸಿಗದೇ ಹೋದರೆ ಏನು ಗತಿ ಅಂತ ನೀವು ಕೇಳಬಹುದು. ಒಳ್ಳೇ ಪ್ರಶ್ನೆನೇ. ಆದರೆ ನಮ್ಮ ಮಿಶಿಗನ್ ಸರೋವರಗಳಲ್ಲಿ ಇದಕ್ಕೆ ಉಲ್ಟಾ ತೊಂದರೆಯೂ ಉಂಟು: ಗಾಳಿ ನಿಲ್ಲೋದೇ ಇಲ್ಲ! ಬಾಯಲ್ಲಿಟ್ಟುಕೊಂಡ ರೆಗ್ಯುಲೇಟರ್‌ನಿಂದ ಭುಸ್ ಅಂತ ಒಂದೇ ಸಮನೆ ಗಾಳಿ ನುಗ್ಗುತ್ತೆ. ಇದಕ್ಕೆ ಫ್ರೀಫ್ಲೋ ಅಂತಾರೆ.

ರಜೆಗೆ ಊರಿಗೆ ಹೋದಾಗ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡಿ ಬಂದವರು ನಿಮ್ಮಲ್ಲೂ ಇರಬಹುದು. ಅಲ್ಲಿ ಅರಬ್ಬೀ ಸಮುದ್ರ ಸುಮಾರು 28 ಡಿಗ್ರಿ ಸೆಲ್ಸಿಯಸ್, ಬೆಚ್ಚಗಿರುತ್ತೆ. ಈಗ ನಾರ್ತ್‌ವಿಲ್‌ನಿಂದ ಕಾರಿನಲ್ಲಿ ಹೆಚ್ಚೂಕಡಿಮೆ ನಾಲ್ಕು ಗಂಟೆ ಉತ್ತರಕ್ಕೆ ಹೋಗಿ. ಹ್ಯೂರಾನ್ ಸರೋವರದ ದಡದಲ್ಲಿ ಆಲ್ಪೀನಾ ಅನ್ನೋ ಊರು ಸಿಗುತ್ತೆ. ಅಲ್ಲಿನ ಥಂಡರ್ ಬೇ 2000ನೇ ಇಸವಿಯಿಂದ ರಾಷ್ಟ್ರೀಯ ಸಂರಕ್ಷಿತ ಜಲಪ್ರದೇಶ. ಅದರ ತಳದಲ್ಲಿ ಎಷ್ಟೋ ಹಳೇ ಹಡಗುಗಳು ಮಲಗಿವೆ. 1865ರಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿದ ‘ಪಿವಾಬಿಕ್’ ಸುಮಾರು 165 ಅಡಿ ಆಳದಲ್ಲಿದೆ. ಮರದ ಹಡಗುಗಳು ಇಷ್ಟು ವರ್ಷ ಉಳಿದಿರೋದಕ್ಕೆ ಆ ತಣ್ಣನೆಯ ಸಿಹಿನೀರೇ ಕಾರಣ. ಡೈವರ್‌ಗಳನ್ನು ಅಲ್ಲಿಗೆ ಕರೆಯುವುದೂ ಅದೇ ನೀರು, ಅವರ ರೆಗ್ಯುಲೇಟರ್‌ಗೆ ಕಾಟ ಕೊಡುವುದೂ ಅದೇ ನೀರು.

ಸಿಹಿನೀರು 4 ಡಿಗ್ರಿಯಲ್ಲಿ ಅತಿ ಭಾರವಾಗುತ್ತದೆ, ಆದ್ದರಿಂದ ತಳಕ್ಕೆ ಇಳಿಯುತ್ತದೆ. ಜುಲೈನಲ್ಲಿ ಮೇಲೆ ನೀವು ಆರಾಮಾಗಿ ಈಜುತ್ತಿದ್ದರೂ ಆಳದಲ್ಲಿ ನೀರು ಫ್ರಿಜ್‌ನಲ್ಲಿಟ್ಟ ಹಾಗೇ ಇರುತ್ತೆ.

ಇರಲಿ, 4 ಡಿಗ್ರಿಯಲ್ಲಿ ನೀರು ಗಟ್ಟಿಯಾಗೋಲ್ಲವಲ್ಲ, ರೆಗ್ಯುಲೇಟರ್ ಮಾತ್ರ ಹೇಗೆ ಹೆಪ್ಪುಗಟ್ಟುತ್ತೆ? ಇದನ್ನು ಮನೆಯಲ್ಲೇ ನೋಡಬಹುದು. ಸೈಕಲ್‌ಗೆ ಪಂಪ್ ಹೊಡೆಯಿರಿ, ಪಂಪಿನ ತುದಿ ಬಿಸಿಯಾಗುತ್ತೆ. ಆಮೇಲೆ ಟೈರಿನ ಗಾಳಿ ಸ್ವಲ್ಪ ಬಿಟ್ಟು ಬೆರಳು ಹಿಡಿಯಿರಿ, ತಣ್ಣಗಿರುತ್ತೆ. ಒತ್ತಿದ ಗಾಳಿ ಬಿಸಿ, ಹಿಗ್ಗಿದ ಗಾಳಿ ತಂಪು. ಅಪ್ಪನ ಕಾರಿನ ಟೈರಿನಲ್ಲಿ ಸುಮಾರು 33 ಪಿಎಸ್‌ಐ ಒತ್ತಡ ಇದ್ದರೆ, ಡೈವಿಂಗ್ ಸಿಲಿಂಡರಿನಲ್ಲಿ 3000 ಪಿಎಸ್‌ಐ! ಸಿಲಿಂಡರಿನ ತಲೆಗೆ ಕೂರಿಸಿದ ‘ಫಸ್ಟ್ ಸ್ಟೇಜ್’ ಅದನ್ನು ಒಂದೇ ಏಟಿಗೆ ಸುಮಾರು 140ಕ್ಕೆ ಇಳಿಸುತ್ತೆ. ಅಷ್ಟು ಹಿಗ್ಗಿದ ಗಾಳಿ ಸೊನ್ನೆಗಿಂತ ಎಷ್ಟೋ ಕೆಳಗಿನ ತಾಪಮಾನಕ್ಕೆ ಹೋಗುತ್ತೆ, ಲೋಹವೂ ತಣ್ಣಗಾಗುತ್ತೆ. ಸುತ್ತಲ ನೀರು ಬೆಚ್ಚಗಿದ್ದರೆ ಲೋಹಕ್ಕೆ ಶಾಖ ವಾಪಸ್ ಕೊಡುತ್ತೆ. 4 ಡಿಗ್ರಿ ನೀರಿನ ಹತ್ತಿರ ಕೊಡೋಕೆ ಶಾಖ ಎಲ್ಲಿದೆ? ಸ್ಪ್ರಿಂಗಿನ ಸುತ್ತ ಸೇರಿದ ನೀರು ಐಸ್ ಆಗಿ, ವಾಲ್ವ್ ತೆರೆದ ಹಾಗೇ ಸಿಕ್ಕಿಹಾಕಿಕೊಳ್ಳುತ್ತೆ. ಬಾಯಲ್ಲಿರುವ ‘ಸೆಕೆಂಡ್ ಸ್ಟೇಜ್’ನಲ್ಲಿ ನಮ್ಮ ಉಸಿರಿನ ತೇವವೇ ಹೆಪ್ಪುಗಟ್ಟಿ ಇದೇ ಕೆಲಸ ಮಾಡಬಹುದು. ಗಾಳಿ ಹರಿದಷ್ಟೂ ಇನ್ನೂ ತಂಪು, ತಂಪಾದಷ್ಟೂ ಇನ್ನೂ ಐಸ್. ಉಪ್ಪುನೀರು ಸೊನ್ನೆಗಿಂತ ಕೆಳಗೆ ಹೆಪ್ಪುಗಟ್ಟೋದರಿಂದ, ಈ ವಿಷಯದಲ್ಲಿ ನಮ್ಮ ಸಿಹಿನೀರಿನ ಸರೋವರಗಳೇ ಹೆಚ್ಚು ತಂಟೆ.

ಇಲ್ಲಿ ಎಂಜಿನಿಯರುಗಳ ಜಾಣತನ ನೋಡಿ. ಕೆಟ್ಟರೆ ಮುಚ್ಚಿಕೊಳ್ಳದೆ ತೆರೆದುಕೊಳ್ಳಲಿ ಅಂತಲೇ ರೆಗ್ಯುಲೇಟರನ್ನು ಮಾಡಿರುತ್ತಾರೆ. ಅಂದರೆ ಫ್ರೀಫ್ಲೋ ಆದರೂ ಸ್ವಲ್ಪ ಹೊತ್ತು ಉಸಿರಾಡಲು ಗಾಳಿ ಇದ್ದೇ ಇರುತ್ತೆ. ಆದರೆ ಕೆಲವೇ ನಿಮಿಷದಲ್ಲಿ ಸಿಲಿಂಡರ್ ಖಾಲಿಯಾಗಬಹುದು. ಆಳ ಹೆಚ್ಚಿದಷ್ಟೂ ಬೇಗ.

ತಡೆಯೋದು ದಡದಲ್ಲೇ ಶುರು. ರೆಗ್ಯುಲೇಟರ್ ಒಳಗೆ ಒಣಗಿರಬೇಕು, ಸಿಲಿಂಡರಿಗೆ ತುಂಬಿದ ಗಾಳಿಯಲ್ಲೂ ತೇವ ಇರಬಾರದು. ಚಳಿಗಾಲದಲ್ಲಿ ದಡದ ಮೇಲೆ ನಿಂತು ಅದರಲ್ಲಿ ಉಸಿರಾಡಿ ನೋಡೋದು, ಪರ್ಜ್ ಬಟನ್ ಒತ್ತಿ ಆಟ ಆಡೋದು ಬೇಡ; ನೀರಿಗಿಂತ ಹೊರಗಿನ ಗಾಳಿಯೇ ತಣ್ಣಗಿರುತ್ತೆ, ಉಸಿರಿನ ತೇವ ಅಲ್ಲೇ ಐಸ್ ಆಗುತ್ತೆ. ನೀರೊಳಗೆ ನಿಧಾನವಾಗಿ ಉಸಿರಾಡಿ. ಗಾಬರಿಯಿಂದ ಏದುಸಿರು ಬಿಟ್ಟರೆ ಗಾಳಿ ಜೋರಾಗಿ ಹರಿದು ಲೋಹ ಇನ್ನೂ ತಣ್ಣಗಾಗುತ್ತೆ. ಜಾಕೆಟ್ಟಿಗೋ ಡ್ರೈಸೂಟಿಗೋ ಗಾಳಿ ಬಿಡುವಾಗ ಚೂರು ಚೂರೇ ಬಿಡಬೇಕು, ಅದೂ ಉಸಿರು ಎಳೆಯದೇ ಇರುವ ಹೊತ್ತಿನಲ್ಲಿ.

ಆದರೂ ಆಗೇ ಬಿಡ್ತು ಅಂತಿಟ್ಟುಕೊಳ್ಳಿ. ಕಿವಿಗೆ ಭೋರ್ ಅಂತ ಸದ್ದು, ಕಣ್ಣೆದುರು ಗುಳ್ಳೆಯೋ ಗುಳ್ಳೆ. ರೆಗ್ಯುಲೇಟರನ್ನು ಉಗಿಯಬೇಡಿ. ತುಟಿ ಸಡಿಲ ಬಿಟ್ಟು, ಹೆಚ್ಚಿನ ಗಾಳಿ ಪಕ್ಕದಿಂದ ಹೋಗಲು ಬಿಟ್ಟು, ನಲ್ಲಿಯಿಂದ ಬೊಗಸೆಯಲ್ಲಿ ನೀರು ಕುಡಿದ ಹಾಗೆ ಬೇಕಾದಷ್ಟನ್ನೇ ಹೀರಿಕೊಳ್ಳಿ. ತಲೆ ಸ್ವಲ್ಪ ಓರೆ ಮಾಡಿದರೆ ಗುಳ್ಳೆ ಕಣ್ಣಿಗೆ ಅಡ್ಡ ಬರೋಲ್ಲ. ನಿಮ್ಮ ಬಡ್ಡಿಗೆ ಸನ್ನೆ ಮಾಡಿ (ಜೊತೆಗಾರ ಅಂತ ಅರ್ಥ, ಬ್ಯಾಂಕಿನ ಬಡ್ಡಿ ಅಲ್ಲ!). ಅವರ ಇನ್ನೊಂದು ರೆಗ್ಯುಲೇಟರ್ ನಿಮ್ಮ ಬಾಯಿಗೆ ಬಂದು, ಅದರಲ್ಲಿ ಉಸಿರಾಡಲು ಶುರು ಮಾಡಿದ ಮೇಲಷ್ಟೇ ಅವರು ನಿಮ್ಮ ಸಿಲಿಂಡರಿನ ವಾಲ್ವ್ ಮುಚ್ಚಬಹುದು. ಈ ಕ್ರಮ ತಪ್ಪಬಾರದು. ಇದರಲ್ಲೂ ಒಂದು ತೊಡಕಿದೆ: ಒಂದೇ ಫಸ್ಟ್ ಸ್ಟೇಜಿನಿಂದ ಇಬ್ಬರು ಉಸಿರಾಡಿದರೆ ಅದೂ ಹೆಪ್ಪುಗಟ್ಟಬಹುದು. ಅದಕ್ಕೇ ತಣ್ಣೀರಿನ ಅನುಭವಸ್ಥರು ಎರಡು ಬೇರೆ ಬೇರೆ ಫಸ್ಟ್ ಸ್ಟೇಜ್ ಅಥವಾ ಪ್ರತ್ಯೇಕ ಚಿಕ್ಕ ಸಿಲಿಂಡರ್ ಒಯ್ಯುತ್ತಾರೆ.

ಆಮೇಲೆ ಇಬ್ಬರೂ ಒಟ್ಟಿಗೇ ಮೇಲಕ್ಕೆ, ನಿಮಿಷಕ್ಕೆ 9 ಮೀಟರ್ ಮೀರದಂತೆ. ಉಸಿರು ಬಿಗಿಹಿಡಿಯಲೇಬಾರದು. 10 ಮೀಟರ್ ಆಳದಲ್ಲಿ ಎಳೆದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗಿ ಶ್ವಾಸಕೋಶಕ್ಕೆ ಗಾಯ ಮಾಡಬಹುದು. ಮೇಲೆ ಬಂದಾಗ ಸಿಲಿಂಡರ್ ಖಾಲಿಯಾಗಿದ್ದರೆ ಜಾಕೆಟ್ಟನ್ನು ಬಾಯಿಂದ ಊದಿ ತೇಲಬೇಕು. ಸ್ವಲ್ಪ ಹೊತ್ತಿಗೆ ಐಸ್ ಕರಗಿ ರೆಗ್ಯುಲೇಟರ್ ಏನೂ ಆಗದ ಹಾಗೆ ಕೆಲಸ ಮಾಡುತ್ತೆ. ಅದನ್ನು ನಂಬಿ ಮತ್ತೆ ಇಳಿಯೋದು ಬೇಡ, ಆವತ್ತಿನ ಡೈವ್ ಮುಗೀತು.

ಇನ್ನು ಅಪ್ಪ-ಅಮ್ಮಂದಿರಿಗೆ ಎರಡು ಮಾತು. ಪ್ಯಾಡಿ ಸಂಸ್ಥೆಯ ಜೂನಿಯರ್ ಓಪನ್ ವಾಟರ್ ಕೋರ್ಸಿಗೆ 10 ವರ್ಷ ತುಂಬಿದ ಮಕ್ಕಳು ಸೇರಬಹುದು. 10-11ರ ಮಕ್ಕಳಿಗೆ 12 ಮೀಟರ್ ಆಳವೇ ಮಿತಿ. ಹರಿಯುತ್ತಿರುವ ರೆಗ್ಯುಲೇಟರಿನಿಂದ ಕನಿಷ್ಠ 30 ಸೆಕೆಂಡು ಉಸಿರಾಡೋ ಅಭ್ಯಾಸ ಆ ಕೋರ್ಸಿನಲ್ಲಿದೆ. ನನ್ನ ಅಭಿಪ್ರಾಯದಲ್ಲಿ ಒಂದು ಸಲ ಸಾಲದು, ಮಗುವಿಗೆ ನಗು ಬರೋವರೆಗೂ ಈಜುಕೊಳದಲ್ಲಿ ಮಾಡಿಸಿ. ಬಾಡಿಗೆ ರೆಗ್ಯುಲೇಟರ್ ತಗೊಳ್ಳುವಾಗ ಅದು ತಣ್ಣೀರಿಗೆ ಆಗುತ್ತಾ, ಫಸ್ಟ್ ಸ್ಟೇಜಿಗೆ ನೀರು ನುಗ್ಗದಂತೆ ಸೀಲ್ ಮಾಡಿದೆಯಾ, ಕೊನೇ ಸರ್ವಿಸ್ ಯಾವಾಗ ಆಯ್ತು ಅಂತ ಸಂಕೋಚ ಇಲ್ಲದೆ ಕೇಳಿ. ಯೂರೋಪಿನ ಇಎನ್ 250 ಗುರುತಿನ ಪಕ್ಕ ‘>10°’ ಅಂತ ಇದ್ದರೆ, ಅದು 10 ಡಿಗ್ರಿಗಿಂತ ತಣ್ಣನೆಯ ನೀರಿಗಲ್ಲ. ಊರಿನಿಂದ ತಂದ ಅಥವಾ ನೆಂಟರು ಕೊಟ್ಟ ರೆಗ್ಯುಲೇಟರನ್ನೂ ಹೀಗೇ ತಿರುಗಿಸಿ ನೋಡಿ.

ಹತ್ತು ತುಂಬದ ಪುಟಾಣಿಗಳಿಗೆ ಬೇಜಾರು ಬೇಡ. ಬೇಸಿಗೆಯಲ್ಲಿ ಆಲ್ಪೀನಾದಿಂದ ಗಾಜಿನ ತಳದ ದೋಣಿ ಹೊರಡುತ್ತೆ. ಕೂತಲ್ಲೇ ಬಗ್ಗಿ ಮುಳುಗಿದ ಹಡಗು ನೋಡಬಹುದು, ಸ್ವೆಟರ್ ಮಾತ್ರ ಮರೀಬೇಡಿ.